ಹನ್ನೆರಡು ಲೇಬಲ್ ಬೇಡ ಮಾರಾಯ್ರೇ, ನಾಲ್ಕು ಬಗೆ ಸಾಕು

ಡಿಸೆಂಬರ್ ಬಂತೂಂದ್ರೆ ನಮ್ಮ ಕೌಂಟರಿನಲ್ಲಿ ಒಂದೇ ಮಾತು. "ಅಣ್ಣಾ, ಹನ್ನೆರಡು ಬಾಟ್ಲಿ ಬಿಯರಿನ ಒಂದು ಮಿಕ್ಸ್ ಕೇಸ್ ಮಾಡಿ ಕೊಡಿ, ಎಲ್ಲಾ ಒಂದೊಂದು ಹಾಕಿ." ಒಬ್ಬರ ಮನೆಯಲ್ಲಿ ಮದುವೆಯ ಮೊದಲಿನ ರೋಸ್ ಶಾಸ್ತ್ರ ಉಂಟು, ಇನ್ನೊಬ್ಬರಿಗೆ ದುಬೈಯಿಂದ ಬಾವ ಬಂದಿದ್ದಾರೆ, ಮಣಿಪಾಲದ ಮಕ್ಕಳದ್ದು ಸೆಮಿಸ್ಟರ್ ಮುಗಿದದ್ದು, ಕಾರಣ ಎಂತದ್ದೇ ಇರ್ಲಿ ಆರ್ಡರ್ ಮಾತ್ರ ಇದೇ, ಎಲ್ಲಾ ಒಂದೊಂದು. ವೈನ್ ಶಾಪಿನಲ್ಲಿ ನಿಂತು ತಲೆಕೂದಲು ಬೆಳ್ಳಗಾದವ ನಾನು, ಹೇಳಿದ್ದು ಹಾಕಿ ಕೊಟ್ಟು ದುಡ್ಡು ಎಣಿಸಿದ್ರೆ ನನ್ನ ಕೆಲಸ ಮುಗೀತು. ಆದ್ರೆ ಆ ಕೇಸ್ ಮನೆಗೆ ಹೋದ ಮೇಲೆ ಎಂತ ಆಗ್ತದೆ ಅಂತ ಗೊತ್ತುಂಟಲ್ಲ, ಹಾಗಾಗಿ ಬಾಯಿ ಸುಮ್ನೆ ಇರುದಿಲ್ಲ.

ಎಂತ ಆಗ್ತದೆ ಅಂದ್ರೆ, ಹತ್ತು ಜನ ಹತ್ತು ಬಾಟ್ಲಿಗೆ ಕೈ ಹಾಕ್ತಾರೆ, ಅದ್ರಲ್ಲಿ ಒಬ್ಬನಿಗೆ ಮಾತ್ರ ಅವನ ಕೈಗೆ ಬಂದದ್ದು ಭಯಂಕರ ಇಷ್ಟ ಆಗ್ತದೆ, ಇನ್ನೊಂದು ಬೇಕು ಅಂತಾನೆ, ಇನ್ನೊಂದು ಇಲ್ಲ, ಯಾಕೆ ಇಲ್ಲ ಅಂದ್ರೆ ಒಂದೊಂದೇ ಹಾಕಿಸಿದ್ದಲ್ವಾ. ಉಳಿದವರಿಗೆ ತಾವು ಕುಡಿದದ್ದು ಯಾವುದು ಅಂತಲೇ ನೆನಪಿಲ್ಲ. ಕಡೆಗೆ ಯಾರೂ ಮುಟ್ಟದ ಎರಡು ಬಾಟ್ಲಿ ಫ್ರಿಡ್ಜಿನ ಬಾಗಿಲಲ್ಲಿ ಮಳೆಗಾಲದವರೆಗೆ ಕೂತಿರ್ತದೆ.

ಇದಕ್ಕಿಂತ ದೊಡ್ಡ ತಾಪತ್ರಯ ಬೇರೆ ಉಂಟು. ಸಾವಿರ ಸಲ ಹೇಳಿದ್ರೂ ಜನರ ತಲೆಗೆ ಹೋಗದ ಮಾತು ಇದೊಂದೇ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೇನೆ, ಬೇಜಾರು ಮಾಡ್ಬೇಡಿ. ನೀವು ಶೆಲ್ಫ್ ನೋಡಿ ಬೆರಳು ತೋರಿಸಿ ಹೇಳುವ ಹನ್ನೆರಡು ಹೆಸರಲ್ಲಿ ಎಂಟು ಒಂದೇ ಬಗೆಯ ಬಿಯರ್. ಕಿಂಗ್‌ಫಿಶರ್ ಸ್ಟ್ರಾಂಗ್, ನಾಕ್ ಔಟ್, ಟ್ಯೂಬೋರ್ಗ್ ಸ್ಟ್ರಾಂಗ್, ಬಡ್‌ವೈಸರ್ ಮ್ಯಾಗ್ನಮ್, ಕಾರ್ಲ್ಸ್‌ಬರ್ಗ್ ಎಲಿಫೆಂಟ್, ಇವೆಲ್ಲ ಸ್ಟ್ರಾಂಗ್ ಲಾಗರ್. ಐದು ಅಂಗಡಿಯಿಂದ ಬಂಗುಡೆ ತಂದು ಐದು ಬಗೆ ಮೀನು ಅಂತ ಬಡಿಸಿದ ಹಾಗೆ ಆಯ್ತು ಇದು. ಲಾಗರ್ ಮಾಡುದು ತಂಪಲ್ಲಿ ಹುದುಗುವ ಯೀಸ್ಟಿನಿಂದ, ಸುಮಾರು 8ರಿಂದ 12 ಡಿಗ್ರಿಯಲ್ಲಿ. ಈ ಸ್ಟ್ರಾಂಗಿಗೆಲ್ಲ ಬಾರ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಹೆಚ್ಚಾಗಿ ಅಕ್ಕಿಯೋ ಮೆಕ್ಕೆಜೋಳವೋ ಸಕ್ಕರೆಯೋ ಸೇರಿಸ್ತಾರೆ, ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂವು ಕಡಿಮೆ, ಆಮೇಲೆ ಫಿಲ್ಟರ್ ಮಾಡಿ ಪಳಪಳ ಹೊಳೆಯುವ ಹಾಗೆ ಮಾಡಿ ತುಂಬಿಸುದು. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇಲ್ಲವೇ ಇಲ್ಲ ಅಂತ ನಾನು ಹೇಳುದಿಲ್ಲ, ಕೆಲವರ ನಾಲಗೆ ಅಷ್ಟು ಚುರುಕು ಇರ್ತದೆ. ಆದ್ರೆ ಐಸ್ ಬಾಕ್ಸಿನಲ್ಲಿ ಗಡಗಡ ತಂಪು ಮಾಡಿ, ಪಕ್ಕದಲ್ಲಿ ಪೋರ್ಕ್ ಬಫಾತ್ ಇಟ್ಕೊಂಡು ಕುಡಿಯುವಾಗ ಆ ವ್ಯತ್ಯಾಸ ಗೊತ್ತಾಗುದು ಬಹಳ ಕಷ್ಟ.

ನಂಬುದಿಲ್ಲ ಅಂತಾದ್ರೆ ಸುರತ್ಕಲ್ಲಿನ ಒಬ್ಬ ಗೆಳೆಯನ ಟೆರೇಸಿನ ಕಥೆ ಕೇಳಿ. ಅವನ ಮಾವ ಒಬ್ಬರು, ತಮ್ಮ ಬ್ರ್ಯಾಂಡ್ ಬಿಟ್ಟು ಬೇರೆ ಮುಟ್ಟುವ ಜನ ಅಲ್ಲ, ಬೇರೆಯದು ಕೊಟ್ರೆ ವಾಸನೆಯಲ್ಲೇ ಗೊತ್ತಾಗ್ತದೆ ಅಂತ ಊರಿಡೀ ಹೇಳುವವರು. ಐದು ಬ್ರ್ಯಾಂಡ್ ಸ್ಟ್ರಾಂಗನ್ನು ಐದು ಸ್ಟೀಲ್ ಲೋಟದಲ್ಲಿ ಹಾಕಿ ಮುಂದೆ ಇಟ್ವಿ, ಬಣ್ಣ ಕಾಣ್ಬಾರ್ದು ಅಂತಲೇ ಸ್ಟೀಲು. ಅವರು ಒಂದೊಂದೇ ಮೂಸಿ ಒಂದೊಂದು ಗುಟುಕು ಎಳೆದು ಮೂರನೇ ಲೋಟ ಎತ್ತಿ "ಇದು ನಂದು, ಇದ್ರಲ್ಲಿ ಡೌಟೇ ಇಲ್ಲ" ಅಂದ್ರು. ಅವರದ್ದು ಇದ್ದದ್ದು ಒಂದನೇ ಲೋಟದಲ್ಲಿ, ಅದನ್ನು ಅವರು ಮುಖ ಹುಳಿ ಮಾಡಿ ಆಚೆ ತಳ್ಳಿ ಆಗಿತ್ತು. ಈಗಲೂ ನಮ್ಮ ಅಂಗಡಿಗೆ ಬಂದು ಅದೇ ಬ್ರ್ಯಾಂಡ್ ತಕೊಂಡು ಹೋಗ್ತಾರೆ, ನಾನೂ ಆ ವಿಷಯ ಎತ್ತುದಿಲ್ಲ, ಅವರೂ ಎತ್ತುದಿಲ್ಲ.

ಹಾಗಾದ್ರೆ ಬೇರೆ ಬಗೆ ಅಂದ್ರೆ ಯಾವುದು? ಗೋಧಿ ಬಿಯರ್ ಒಂದು. ಬೆಲ್ಜಿಯಮ್ಮಿನ ಹೊಗಾರ್ಡನ್ ಇದ್ದ ಹಾಗೆ, ಅದಕ್ಕೆ ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ ಹಾಕ್ತಾರೆ, ಹೌದು, ನಾವು ಸುಕ್ಕಕ್ಕೆ ಹುರಿದು ಹಾಕುವ ಕೊತ್ತಂಬರಿಯೇ. ನೋಡ್ಲಿಕ್ಕೆ ಮಬ್ಬು ಮಬ್ಬು ಇರ್ತದೆ, ಅದು ಇರಬೇಕಾದದ್ದೇ ಹಾಗೆ. "ಹಾಳಾದ ಮಾಲು ಕೊಟ್ಟಿದ್ದೀರಿ" ಅಂತ ಅರ್ಧ ಗ್ಲಾಸಿನ ಫೋಟೋ ವಾಟ್ಸಾಪ್ ಮಾಡಿ ಬಯ್ದವರು ಎಷ್ಟು ಜನ. ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣು ಲವಂಗದ ಪರಿಮಳ ಬರ್ತದೆ, ಅದಕ್ಕೆ ಬಾಳೆಹಣ್ಣೂ ಹಾಕುದಿಲ್ಲ ಲವಂಗವೂ ಹಾಕುದಿಲ್ಲ, ಎಲ್ಲ ಯೀಸ್ಟಿನ ಕೆಲಸ. ಇನ್ನೊಂದು ಸ್ಟೌಟ್, ಹುರಿದ ಬಾರ್ಲಿಯದ್ದು, ಕಾಫಿ ಡಿಕಾಕ್ಷನ್ ಬಣ್ಣ. ಕಪ್ಪು ಅಂದ ಕೂಡ್ಲೆ "ಅಯ್ಯೋ ಅದು ಹೆವಿ, ಬೇಡ" ಅಂತಾರೆ. ಗಿನ್ನೆಸ್ ಡ್ರಾಫ್ಟ್ ಅನ್ನುವ ಸ್ಟೌಟಿನಲ್ಲಿ ಆಲ್ಕೋಹಾಲ್ 4.2 ಪರ್ಸೆಂಟ್ ಮಾರಾಯ್ರೇ, ನೀವು ಲೈಟ್ ಅಂತ ಕುಡಿಯುವ ಬಂಗಾರದ ಬಣ್ಣದ ಸ್ಟ್ರಾಂಗ್ 8ರ ಹತ್ತಿರ ಹತ್ತಿರ. ಬಣ್ಣಕ್ಕೂ ಕಿಕ್ಕಿಗೂ ಸಂಬಂಧ ಇಲ್ಲ. ಮತ್ತೆ ಪೇಲ್ ಏಲ್, ಐಪಿಎ (ಇಂಡಿಯಾ ಪೇಲ್ ಏಲ್), ಇವಕ್ಕೆ ಹಾಪ್ಸ್ ಜಾಸ್ತಿ, ಕಹಿ ಜಾಸ್ತಿ. ಇಲ್ಲಿ ನಮ್ಮವರಿಗೆ ಒಂದು ಎಚ್ಚರಿಕೆ, ಕಹಿಯೂ ಆಲ್ಕೋಹಾಲೂ ಖಾರವನ್ನು ಇನ್ನಷ್ಟು ಏರಿಸ್ತದೆ, ಹುಳಿಖಾರದ ಪುಳಿಮುಂಚಿ ಜೊತೆ ಐಪಿಎ ಕುಡಿದ್ರೆ ಕಿವಿಯಲ್ಲಿ ಹೊಗೆ. ಖಾರದ ಊಟ ಇದ್ರೆ ಗೋಧಿಯದ್ದು ಒಳ್ಳೇದು. ಐಪಿಎಯನ್ನು ಗೋಳಿಬಜೆ ಜೊತೆ ಸಂಜೆಗೆ ಇಡಿ.

ಅಮೆರಿಕದಲ್ಲಿ ಮಗ ಇರುವವರು ಫೋಟೋ ತೋರಿಸ್ತಾರೆ, "ನೋಡಿ ಅಲ್ಲಿ ಒಂದೇ ಬಾಕ್ಸಲ್ಲಿ ಎಲ್ಲಾ ಹಾಕಿ ಕೊಡ್ತಾರೆ, ನಿಮಗೆ ಎಂತಕ್ಕೆ ಆಗುದಿಲ್ಲ?" ಸ್ವಲ್ಪ ಝೂಮ್ ಮಾಡಿ ನೋಡಿ ಅಂತೇನೆ ನಾನು. ಅಲ್ಲಿ ಸಾಮಾನ್ಯ 12 ಕ್ಯಾನಿನ ಬಾಕ್ಸ್, ಒಂದೊಂದು 355 ಎಂಎಲ್, ಅದ್ರಲ್ಲಿ ಹೆಚ್ಚಾಗಿ ನಾಲ್ಕು ಬಗೆ, ಒಂದೊಂದು ಬಗೆಯದ್ದು ಮೂರು ಮೂರು. ಒಂದೊಂದೇ ಹಾಕಿದ್ದೂ ಉಂಟು, 2014ರಲ್ಲಿ ಸಿಯೆರಾ ನೆವಾಡಾ ಅನ್ನುವ ಬಿಯರ್ ಕಂಪನಿಯವರು ಹನ್ನೆರಡು ಬೇರೆ ಬ್ರೂವರಿಗಳ ಜೊತೆ ಸೇರಿ ಹನ್ನೆರಡು ಬಿಯರ್ ಮಾಡಿ ಒಂದೇ ಪ್ಯಾಕಿನಲ್ಲಿ ಇಟ್ರು, ಆದ್ರೆ ಅದು ಹನ್ನೆರಡೂ ಬೇರೆ ಬೇರೆ ರೆಸಿಪಿ, ಕೂತು ರುಚಿ ನೋಡ್ಲಿಕ್ಕೆ ಅಂತಲೇ ಮಾಡಿದ್ದು, ಮೆಹಂದಿಗೆ ಹಂಚ್ಲಿಕ್ಕೆ ಅಲ್ಲ. ಅಲ್ಲಿಯವರಿಗೂ ಸಮಾಧಾನ ಇಲ್ಲ ಬಿಡಿ. ನಾಲ್ಕರಲ್ಲಿ ಮೂರು ಚೆಂದ, ನಾಲ್ಕನೆಯದು ಕಂಪನಿಗೆ ಖರ್ಚಾಗದ್ದು ತುರುಕಿದ್ದು ಅಂತ ಗೊಣಗ್ತಾರೆ. ಕೆಲವರಿಗೆ ನಾಲ್ಕೂ ಐಪಿಎ ಬೇಕು, ಕೆಲವರಿಗೆ ಐಪಿಎ ಎರಡರ ಮೇಲೆ ಕಂಡ್ರೆ ಸಿಟ್ಟು. ಅದು ಅಲ್ಲದೆ ಕ್ಯಾನ್ ತುಂಬುವ ಮೆಷಿನಿನಲ್ಲಿ ಒಂದು ಸಲಕ್ಕೆ ಒಂದೇ ಬಿಯರ್ ಓಡುದು, ಮಿಕ್ಸ್ ಮಾಡ್ಬೇಕಾದ್ರೆ ತುಂಬಿ ಆದದ್ದನ್ನು ತಂದು ಮತ್ತೆ ಜೋಡಿಸ್ಬೇಕು. ಹಾಗಾಗಿ ಒಂದೇ ಬಾಕ್ಸಿನಲ್ಲಿ ತುಂಬಿಸಿದ ತಾರೀಕು ಬೇರೆ ಬೇರೆ ಇರ್ತದೆ.

ನಮ್ಮ ಕಡೆ ಕಥೆ ಇನ್ನೂ ಸ್ವಲ್ಪ ಕಷ್ಟ. ಅಂಗಡಿಗೆ ಮಾಲು ಬರುದು ಸರ್ಕಾರದ ಮದ್ಯ ಸರಬರಾಜು ನಿಗಮ ಕೆಎಸ್‌ಬಿಸಿಎಲ್‌ನ ಡಿಪೋದಿಂದ, ಬರುದು ಕೇಸ್ ಲೆಕ್ಕದಲ್ಲಿ. ನಿಮ್ಮ ಬಾಕ್ಸಿಗೆ ಎರಡು ಸ್ಟೌಟ್ ಬೇಕೂಂತ ನಾನು 24ರ ಕೇಸ್ ತರಿಸಿದ್ರೆ ಬಾಕಿ 22 ನನ್ನ ತಲೆ ಮೇಲೆ. ಆ 22 ಎಲ್ಲಿಗೆ ಹೋಗ್ತದೆ ಹೇಳಿ? ಆರು ತಿಂಗಳು ಕಳೆದು "ಎಲ್ಲಾ ಒಂದೊಂದು ಹಾಕಿ" ಅಂತ ಬಂದವರ ಕೇಸಿಗೆ. ನಾನು ಹಾಗೆ ಮಾಡುದಿಲ್ಲ, ಎಲ್ಲಾ ಕಡೆ ಮಾಡ್ತಾರೆ ಅಂತಲೂ ಹೇಳ್ಲಿಕ್ಕೆ ಬರುದಿಲ್ಲ, ಆದ್ರೆ ಒಂದೊಂದು ಕೇಳಿದವರು ಹನ್ನೆರಡು ಬಾಟ್ಲಿಯ ತಾರೀಕು ನೋಡುದಿಲ್ಲ ಅಂತ ಅಂಗಡಿಯವರಿಗೆಲ್ಲ ಗೊತ್ತುಂಟು.

ತಾರೀಕು ನೋಡಿ. ಮೊಬೈಲ್ ಟಾರ್ಚ್ ಹಾಕಿ ಬಾಟ್ಲಿ ತಿರುಗಿಸಿ, ಲೇಬಲಿನ ಅಂಚಿನಲ್ಲೋ ಕುತ್ತಿಗೆಯಲ್ಲೋ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಇರ್ತದೆ, ಕ್ಯಾನಿಗೆ ತಳದಲ್ಲಿ. ಫ್ರಿಡ್ಜಿನಿಂದ ತೆಗೆದದ್ದಾದ್ರೆ ನಮ್ಮ ಸೆಕೆಗೆ ಅರ್ಧ ನಿಮಿಷದಲ್ಲಿ ಬೆವರ್ತದೆ, ಹೆಬ್ಬೆರಳಲ್ಲಿ ಒರೆಸಿ ಓದ್ಬೇಕು, ಜೋರು ಉಜ್ಜಿದ್ರೆ ಕೆಲವು ಶಾಯಿ ಅಳಿಸಿ ಹೋಗ್ತದೆ. ಐಪಿಎ ಹಳತಾದ್ರೆ ಹಾಪ್ಸ್ ಪರಿಮಳ ಮೊದಲು ಹೋಗುದು, ಕಹಿ ಮಾತ್ರ ಉಳೀತದೆ, ಲಾಗರ್ ಹಳತಾದ್ರೆ ಒದ್ದೆ ರಟ್ಟಿನ ರುಚಿ. ಏಪ್ರಿಲ್ ಮೇಯಲ್ಲಿ ಇಲ್ಲಿ ಗೋಡೌನಿನ ಒಳಗೆ ನಿಲ್ಲಿಕ್ಕೇ ಆಗುದಿಲ್ಲ, ಬಿಯರಿಗೆ ಆಗ್ತದಾ? ಮತ್ತೆ ಹಸಿರು, ಬಿಳಿ ಗಾಜಿನ ಬಾಟ್ಲಿ ಬಿಸಿಲು ಬೀಳುವ ಶೋಕೇಸಿನಲ್ಲಿ ಇದ್ರೆ ಅದನ್ನು ಕೇಳ್ಬೇಡಿ, ಹಿಂದಿನಿಂದ ಕೊಡಿ ಅನ್ನಿ. ಹಾಪ್ಸಿನ ಕಹಿ ಅಂಶಕ್ಕೆ ಬೆಳಕು ತಾಗಿದ್ರೆ ಸುಟ್ಟ ರಬ್ಬರಿನ ಹಾಗಿನ ನಾತ ಬರ್ತದೆ, ಕಂದು ಗಾಜಿನಲ್ಲಿ ಅದು ಕಡಿಮೆ, ಕ್ಯಾನಿನಲ್ಲಿ ಆ ಪ್ರಶ್ನೆಯೇ ಇಲ್ಲ. ಒಮ್ಮೆ ತಂಪು ಮಾಡಿ ಹೊರಗೆ ಇಟ್ರೆ ಹಾಳಾಗ್ತದೆ ಅಂತ ಹೆದರುವವರು ಹೆದರ್ಬೇಡಿ, ಹಾಳು ಮಾಡುದು ಸೆಕೆ, ಬೆಳಕು ಮತ್ತು ದಿನ.

ಈಗ ನಾನು ಕಟ್ಟುವ ಕ್ರಮ ಹೇಳ್ತೇನೆ, ಇದೇ ಸರಿ ಅಂತ ಅಲ್ಲ, ನಿಮ್ಮ ಮನೆಯ ಜನ ನಿಮಗೆ ಗೊತ್ತು. ಮೊದಲನೆಯದಾಗಿ 650 ಎಂಎಲ್ಲಿನ ದೊಡ್ಡ ಬಾಟ್ಲಿ ಬೇಡ, 330ರದ್ದೇ ತಕೊಳ್ಳಿ, ದೊಡ್ಡದು ತೆರೆದು ಇಬ್ಬರು ಮುಗಿಸುವಷ್ಟರಲ್ಲಿ ತಳದ್ದು ಬಿಸಿ. ಹನ್ನೆರಡರಲ್ಲಿ ಐದು ಎಲ್ಲರಿಗೂ ಗೊತ್ತಿರುವ ಮೈಲ್ಡ್ ಲಾಗರ್, ಒಂದೇ ಬ್ರ್ಯಾಂಡ್, ಹಿರಿಯರು ಅದನ್ನೇ ಹುಡುಕ್ತಾರೆ. ನಾಲ್ಕು ಗೋಧಿಯದ್ದು, ಬಿಯರ್ ಇಷ್ಟ ಇಲ್ಲ ಅನ್ನುವವರೂ ಇದನ್ನು ಒಂದು ಗ್ಲಾಸ್ ಕುಡೀತಾರೆ, ನಮ್ಮ ಕೋರಿರೊಟ್ಟಿಗೂ ಹೊಂದ್ತದೆ. ಉಳಿದ ಮೂರು ಕಹಿಯದ್ದೋ ಕಪ್ಪಿನದ್ದೋ, ಎರಡರಲ್ಲಿ ಒಂದು ಬಗೆ, ಮೂರೂ ಅದೇ. ಮೂರು ಯಾಕೆ ಅಂದ್ರೆ ಒಂದನ್ನು ನಾಲ್ಕು ಜನ ಗುಟುಕು ಗುಟುಕು ರುಚಿ ನೋಡ್ಲಿ, ಇಷ್ಟ ಆದವನಿಗೆ ಇನ್ನೆರಡು ಇರ್ಲಿ. 24ರದ್ದಾದ್ರೆ ಕಹಿಯದ್ದೂ ಕಪ್ಪಿನದ್ದೂ ಎರಡೂ ಹಾಕ್ಬಹುದು, ಆಗ ನಾಲ್ಕು ಬಗೆ ಆಯ್ತು, ಅದಕ್ಕಿಂತ ಮೇಲೆ ಹೋಗ್ಬೇಡಿ. ಸ್ಟ್ರಾಂಗ್ ಬೇಕಾದವರಿಗೆ ಪ್ರತ್ಯೇಕ ತಕೊಳ್ಳಿ, ಮಿಕ್ಸ್ ಬಾಕ್ಸಿಗೆ ಹಾಕ್ಬೇಡಿ, ಕತ್ತಲಲ್ಲಿ ಐಸಿನ ಒಳಗಿಂದ ಕೈಗೆ ಸಿಕ್ಕಿದ್ದು ಎತ್ತುವವನಿಗೆ 5 ಪರ್ಸೆಂಟಿನದ್ದು ಯಾವುದು 8ರದ್ದು ಯಾವುದು ಗೊತ್ತಾಗುದಿಲ್ಲ, ಅವನೇ ಆಮೇಲೆ ಬೈಕಿನ ಕೀ ಹುಡುಕುದು. ಈ ಲೆಕ್ಕ ಮಣಿಪಾಲದ ಮಕ್ಕಳಿಗೆ ಬೇಗ ಅರ್ಥ ಆಗ್ತದೆ, ನಿಂತು ಲೇಬಲ್ ಓದ್ತಾರೆ, ಪ್ರಶ್ನೆ ಕೇಳ್ತಾರೆ, ಆಮೇಲೆ ದುಡ್ಡು ಕಡಿಮೆ ಉಂಟು ಅಂತ ಎರಡು ತೆಗೆದಿಡ್ತಾರೆ, ಪಾಪ. ಐಡಿ ನೋಡದೆ ಕೊಡುದಿಲ್ಲ, 21 ಆಗಿರ್ಬೇಕು, ಅದ್ರಲ್ಲಿ ಚರ್ಚೆ ಇಲ್ಲ.

ದೊಡ್ಡ ಫಂಕ್ಷನ್ನಿನವರಿಗೆ ಒಂದು ವಿಷಯ. ಕರ್ನಾಟಕದಲ್ಲಿ ಒಬ್ಬರು ಇಟ್ಕೊಳ್ಬಹುದಾದ ಬಿಯರ್ 18.2 ಲೀಟರ್. 650ರ ಹನ್ನೆರಡರ ಕೇಸ್ 7.8 ಲೀಟರ್ ಆಗ್ತದೆ, ಎರಡು ಕೇಸಿಗೆ ತೊಂದರೆ ಇಲ್ಲ, ಮೂರನೆಯದಕ್ಕೆ ಮಿತಿ ದಾಟ್ತದೆ. ನಿಯಮ ಆಗಾಗ ಬದಲಾಗ್ತದೆ, ಜಾಸ್ತಿ ಬೇಕಾದವರು ಅಬಕಾರಿ ಆಫೀಸಿನಲ್ಲಿ ಕೇಳಿ ಪರ್ಮಿಟ್ ಮಾಡಿಸ್ಕೊಳ್ಳಿ, ಹೈವೇಯಲ್ಲಿ ಡಿಕ್ಕಿ ತೆರೆಸಿದ ಮೇಲೆ ನನಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ಸ್ಟೌಟ್ ಬೇಕಾದ್ರೆ ಒಂದು ವಾರ ಮೊದಲು ಹೇಳಿ, ಡಿಪೋದಲ್ಲಿ ಇದ್ರೆ ತರಿಸ್ತೇನೆ, ಆದ್ರೆ ಕಡಿಮೆ ಅಂದ್ರೂ ಅರ್ಧ ಕೇಸ್ ನೀವೇ ತಕೊಳ್ಬೇಕು. ಶನಿವಾರ ರಾತ್ರಿ ಶಟರ್ ಎಳೆಯುವ ಹೊತ್ತಿಗೆ ಬಂದು "ಎಲ್ಲಾ ಒಂದೊಂದು" ಅಂದ್ರೆ ಇರುವುದನ್ನು ಹಾಕಿ ಕೊಡ್ತೇನೆ, ಮಾತಾಡ್ಲಿಕ್ಕೆ ಆಗ ಪುರುಸೊತ್ತಿಲ್ಲ.