ತಗಡಿನ ಮೇಲೆ ಕಲ್ಲು ಹೇರಿದರೆ ಸಾಲದು

ಯುಗಾದಿ ಮುಗಿದು ಅಶ್ವಿನಿ, ಭರಣಿ ಮಳೆಯ ಮಾತು ಶುರುವಾದರೆ ನಮ್ಮ ಕೊಪ್ಪಳ, ರಾಯಚೂರು ಕಡೆ ಅಡ್ಡಮಳೆ, ಅಂದರೆ ಮುಂಗಾರಿಗೆ ಮುಂಚಿನ ಮಳೆ, ಹತ್ತಿರ ಬಂತು ಅಂತಲೇ ಲೆಕ್ಕ. ಹಗಲೆಲ್ಲ 40 ಡಿಗ್ರಿ ಬಿಸಿಲು. ಸಂಜೆ ಮೋಡ ಕಟ್ಟುತ್ತದೆ, ಧೂಳೆಬ್ಬಿಸಿಕೊಂಡು ಗಾಳಿ ಬರುತ್ತದೆ, ಆಮೇಲೆ ಮಳೆ. ಮನೆಗೆ ಜಾಸ್ತಿ ಪೆಟ್ಟು ಕೊಡುವುದು ಆ ಮೊದಲ ಗಾಳಿಯೇ.

ಸಿವಿಲ್ ಎಂಜಿನಿಯರ್ ಆಗಿ ಕುಷ್ಟಗಿ, ಕನಕಗಿರಿ, ಸಿಂಧನೂರು ಎಲ್ಲಿಗೆ ಹೋದರೂ ಒಂದು ನೋಟ ತಪ್ಪುವುದಿಲ್ಲ. ತಗಡಿನ ಶೀಟು, ಅದರ ಮೇಲೆ ಸಾಲಾಗಿ ಕಲ್ಲು. ಶೀಟು ಹಾರಬಾರದು ಅಂತ ಹೇರಿದ್ದು. ಶೀಟು ಎದ್ದರೆ ಆ ಕಲ್ಲು ಬೀಳುವುದು ಕೆಳಗೆ ಮಲಗಿದವರ ಮೇಲೆ. ಅದೇ ನನಗೆ ದೊಡ್ಡ ಭಯ.

ಗಾಳಿ ತಗಡನ್ನು ಬರೀ ತಳ್ಳುವುದಿಲ್ಲ, ಮೇಲಕ್ಕೆ ಎತ್ತುತ್ತದೆ. ಶೀಟಿನ ಮೇಲೆ ಜೋರಾಗಿ ಹಾಯುವಾಗ ಎಳೆಯುತ್ತದೆ. ತೆರೆದ ಬಾಗಿಲಿನಿಂದ ಒಳಗೆ ನುಗ್ಗಿದ್ದು ಕೆಳಗಿನಿಂದ ಒತ್ತುತ್ತದೆ. ಗಂಟೆಗೆ 80 ಕಿ.ಮೀ. ಗಾಳಿಗೆ ಒಂದು ಚದರ ಮೀಟರ್ ಮೇಲೆ ಸುಮಾರು 30 ಕೆ.ಜಿ. ಒತ್ತಡ ಬೀಳುತ್ತದೆ. ಹತ್ತಡಿಯ ಶೀಟಿಗೆ ಹೆಚ್ಚುಕಡಿಮೆ 100 ಕೆ.ಜಿ. ಆಯಿತು. ಶೀಟಿನ ಸ್ವಂತ ತೂಕ 15 ಕೆ.ಜಿ. ಆಸುಪಾಸು. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ನಾಲ್ಕು ಕಲ್ಲು ಎಲ್ಲಿ ಸಾಕಾದೀತು?

ಅದಕ್ಕೇ ಏಣಿ ಹಾಕಿ ಒಂದು ಜೆ ಹುಕ್ಕನ್ನು, ಅಂದರೆ ಶೀಟನ್ನು ಕೆಳಗಿನ ಪೈಪಿಗೆ ಹಿಡಿದಿಡುವ ಕೊಕ್ಕೆಯನ್ನು, ಹತ್ತಿರದಿಂದ ನೋಡಿ. ವಾಷರ್ ಬಿಸಿಲಿಗೆ ಒಣಗಿ ಸೀಳಿರುತ್ತದೆ. ತಗಡು ಹಗಲು ಹಿಗ್ಗಿ ರಾತ್ರಿ ಕುಗ್ಗಿ ತೂತು ಅಗಲವಾಗಿರುತ್ತದೆ, ಸುತ್ತ ತುಕ್ಕು. ಕೈಯಲ್ಲಿ ಅಲ್ಲಾಡಿಸಿದರೆ ಕಟಕಟ ಅನ್ನುತ್ತದೆ. ಅಂಥ ಕಡೆ ಅಗಲದ ವಾಷರ್ ಹಾಕಿ ಹೊಸ ಹುಕ್ಕು ಬಿಗಿಯಬೇಕು. ಹುಕ್ಕು ಕೂರಬೇಕಾದದ್ದು ಶೀಟಿನ ಉಬ್ಬಿನ ಮೇಲೆ, ತಗ್ಗಿನಲ್ಲಿ ಅಲ್ಲ. ಅಂಚು, ಮೂಲೆಗಳಲ್ಲಿ ಗಾಳಿಯ ಎಳೆತ ಎಲ್ಲಕ್ಕಿಂತ ಜಾಸ್ತಿ. ಅಲ್ಲಿ ಹುಕ್ಕು ಒತ್ತೊತ್ತಾಗಿ ಇರಲಿ.

ಶೀಟು ಭದ್ರವಾಯಿತು, ಸರಿ. ಶೀಟು ಹಿಡಿದ ಪೈಪನ್ನು ಹಿಡಿದಿರುವುದು ಯಾವುದು? ಎಷ್ಟೋ ಮನೆಯಲ್ಲಿ ಪೈಪನ್ನು ಗೋಡೆ ಮೇಲೆ ಸುಮ್ನೆ ಇಟ್ಟು ಒಂದು ಪುಟ್ಟಿ ಸಿಮೆಂಟ್ ಮೆತ್ತಿರುತ್ತಾರೆ. ಗಾಳಿಗೆ ಪೈಪು, ಶೀಟು ಎರಡೂ ಒಟ್ಟಿಗೇ ಏಳುತ್ತವೆ. ಗೋಡೆಯಲ್ಲಿ ಎರಡು ಮೂರು ಅಡಿ ಆಳಕ್ಕೆ ಸರಳು ಇಳಿಸಿ, ಕಾಂಕ್ರೀಟ್ ತುಂಬಿ, ಅದಕ್ಕೆ ಪೈಪು ಕಟ್ಟಿಸಿ. ಈ ಕೆಲಸಕ್ಕೆ ಖರ್ಚು ನೋಡಬೇಡಿ. ಇಷ್ಟಾದ ಮೇಲೆ ಕಲ್ಲು ಇಳಿಸಿ, ಅದಕ್ಕೂ ಮೊದಲು ಬೇಡ. ಗಾಳಿ ಎದ್ದಾಗ ಬಾಗಿಲು, ಕಿಟಕಿ ಮುಚ್ಚಿ.

ಮಣ್ಣಿನ ಮಾಳಿಗೆಯ ಮನೆಯಾದರೆ ಬಿರುಕು, ಇಲಿ ಬಿಲ ಈಗಲೇ ಮುಚ್ಚಿ ಹೊಸ ಸವಳು ಮಣ್ಣು ಹರಡಿಸಿ. ನೀರು ಹೋಗುವ ದೋಣಿಯ ಕಸ ತೆಗೆಯಿರಿ. ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಖಾಲಿ ಬಿಡಬೇಡಿ. 500 ಲೀಟರ್ ನೀರಿದ್ದರೆ ಅದೇ 500 ಕೆ.ಜಿ., ಜಾಗ ಬಿಟ್ಟು ಕದಲುವುದಿಲ್ಲ.

ಅರ್ಥಿಂಗ್ ಗುಂಡಿಯನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಬೇಸಿಗೆಗೆ ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಭೂಮಿಗೆ ಇಳಿಸುವುದಿಲ್ಲ. ಅದಕ್ಕೆ ಆಗಾಗ ಒಂದು ಕೊಡ ನೀರು ಹಾಕಿ. ಗುಡುಗು ದೂರ ಇರುವಾಗಲೇ ಟಿವಿ, ಫ್ರಿಜ್ ಪ್ಲಗ್ ಕಿತ್ತಿಡಿ. ಬೇವಿನ ಮರದ ಕೊಂಬೆ ತಂತಿಗೆ ತಾಗುತ್ತಿದ್ದರೆ ನೀವೇ ಕಡಿಯಲು ಹೋಗಬೇಡಿ. 1912ಕ್ಕೆ ಫೋನ್ ಮಾಡಿ, ನಮ್ಮ ಕಡೆ ಕರೆಂಟು ಕೊಡುವ ಜೆಸ್ಕಾಂ ಕಂಪನಿಯವರು ಲೈನ್ ಬಂದ್ ಮಾಡಿದ ಮೇಲೆ ಕಡಿಸಿ.