ಸೌಮ್ಯ ನಿರ್ಜಲೀಕರಣ: ಕೆಲಸದ ವೇಳೆ ಗಮನ ತಪ್ಪಿಸುವ ನೀರಿನ ಕೊರತೆ

ದೇಹದಿಂದ ಹೋದಷ್ಟು ನೀರು ಮತ್ತೆ ಒಳಗೆ ಬರದೆ ತೂಕ ಶೇ 1ರಿಂದ 2ರಷ್ಟು ಇಳಿದರೆ ಅದು ಸೌಮ್ಯ ನಿರ್ಜಲೀಕರಣ. 60 ಕೆ.ಜಿ. ತೂಗುವವರ ಲೆಕ್ಕದಲ್ಲಿ 600 ಗ್ರಾಂನಿಂದ 1.2 ಕೆ.ಜಿ., ಅಂದರೆ ಮೂರರಿಂದ ಆರು ಲೋಟ ನೀರು. ವಾಂತಿಭೇದಿಯಾದವರಲ್ಲಿ ಕಾಣುವ ಗುಳಿಬಿದ್ದ ಕಣ್ಣು, ತೀವ್ರ ನಿತ್ರಾಣ ಇಲ್ಲಿರುವುದಿಲ್ಲ. ಹಾಗಾಗಿಯೇ ಇದು ಗೊತ್ತಾಗದೆ ಉಳಿಯುತ್ತದೆ. ಎ.ಸಿ. ಕೋಣೆಯಲ್ಲಿ ಕುಳಿತವರಿಗೆ ಬೆವರು ಕಾಣಿಸದಿದ್ದರೂ ಚರ್ಮ ಮತ್ತು ಉಸಿರಿನ ಮೂಲಕ ದಿನಕ್ಕೆ ಸುಮಾರು 800 ಮಿ.ಲೀ. ನೀರು ಹೋಗುತ್ತಲೇ ಇರುತ್ತದೆ.

ನೀರು ಕಡಿಮೆಯಾದಾಗ ರಕ್ತದಲ್ಲಿ ಲವಣದ ಸಾಂದ್ರತೆ ಏರುತ್ತದೆ. ಮೆದುಳಿನ ಹೈಪೊಥಲಾಮಸ್ ಅದನ್ನು ಗುರುತಿಸಿ ವಾಸೊಪ್ರೆಸಿನ್ ಹಾರ್ಮೋನು ಬಿಡುಗಡೆ ಮಾಡಿಸುತ್ತದೆ. ಮೂತ್ರಪಿಂಡಗಳು ನೀರನ್ನು ಹಿಡಿದಿಡುತ್ತವೆ, ಮೂತ್ರ ಗಾಢ ಹಳದಿಯಾಗುತ್ತದೆ. ಬಾಯಾರಿಕೆ ಬರುವುದು ಇದಾದ ಮೇಲೆ. ಕೆಲಸದಲ್ಲಿ ಮುಳುಗಿದವರು ಅದನ್ನೂ ಮುಂದೂಡುತ್ತಾರೆ.

ಇದರಿಂದ ಕೆಲಸ ಎಷ್ಟು ಕೆಡುತ್ತದೆ? ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡ ಆರೋಗ್ಯವಂತ ಯುವಜನರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ತೂಕ ಸುಮಾರು ಶೇ 1.5ರಷ್ಟು ಇಳಿದಾಗ ಪರೀಕ್ಷಿಸಿತು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಗಂಡಸರಲ್ಲಿ ಎಚ್ಚರದಿಂದ ಗಮನಿಸುವ ಪರೀಕ್ಷೆಯ ತಪ್ಪುಗಳು ಹೆಚ್ಚಿದವು, ಕಂಡದ್ದನ್ನು ನೆನಪಿಟ್ಟು ಉತ್ತರಿಸುವುದು ನಿಧಾನವಾಯಿತು. 2012ರಲ್ಲಿ ಬಂದ ಹೆಂಗಸರ ಫಲಿತಾಂಶ ಬೇರೆ: ಅಂಕಗಳು ಬಹುಪಾಲು ಹಾಗೆಯೇ ಇದ್ದವು, ಆದರೆ ತಲೆನೋವು, ಬೇಸರ, ಏಕಾಗ್ರತೆ ಕೂಡದಿರುವುದು ಕಂಡುಬಂತು. ಅದೇ ಕೆಲಸ ಅವರಿಗೆ ಹೆಚ್ಚು ಕಷ್ಟವೆನಿಸಿತು. ಅಂದರೆ ಪರಿಣಾಮ ನಿಜ, ಆದರೆ ಚಿಕ್ಕದು; ಕೊರತೆ ಶೇ 2 ದಾಟಿದಾಗ ಅದು ಹೆಚ್ಚು ಸ್ಪಷ್ಟ. ಒಂದೇ ಬಗೆಯ ಅಂಕಿಗಳನ್ನು ಗಂಟೆಗಟ್ಟಲೆ ತಾಳೆ ನೋಡುವವರು, ವಾಹನ ಓಡಿಸುವವರು, ಹೊಲಿಗೆಯ ದೋಷ ಹುಡುಕುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನೀರು ಕುಡಿದರೆ ಉತ್ಪಾದಕತೆ ಇಂತಿಷ್ಟು ಶೇಕಡಾ ಏರುತ್ತದೆ ಎನ್ನುವ ಪೋಸ್ಟರ್‌ಗಳನ್ನು ಮಾತ್ರ ನಂಬಬೇಡಿ. ನಿದ್ದೆಗೆಟ್ಟವರ ಗಮನವನ್ನು ನೀರು ಸರಿಪಡಿಸದು.

ಕೊರತೆ ಇದೆಯೇ ಎಂದು ತಿಳಿಯಲು ಬೆಳಿಗ್ಗೆ ಎದ್ದಾಗ ಮೂರು ಸಂಗತಿ ನೋಡಿ: ಬಾಯಾರಿಕೆ ಇದೆಯೇ, ಮೂತ್ರ ಗಾಢವಾಗಿದೆಯೇ, ತೂಕ ಹಿಂದಿನ ದಿನಕ್ಕಿಂತ ಶೇ 1ಕ್ಕೂ ಹೆಚ್ಚು ಇಳಿದಿದೆಯೇ. ಎರಡು ಕೂಡಿಬಂದರೆ ಕೊರತೆ ಇರುವ ಸಾಧ್ಯತೆ ಹೆಚ್ಚು. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗುವವರ ಮೂತ್ರ ಹೇಗಿದ್ದರೂ ಹಳದಿ, ಆ ಬಣ್ಣ ಲೆಕ್ಕಕ್ಕಿಲ್ಲ.

ಕುರ್ಚಿ ಕೆಲಸದವರು ಎಂಟು ಗಂಟೆಯ ಪಾಳಿಯಲ್ಲಿ ಒಂದರಿಂದ ಒಂದೂವರೆ ಲೀಟರನ್ನು ಹಂಚಿ ಕುಡಿದರೆ ಸಾಮಾನ್ಯವಾಗಿ ಸಾಕು. ಮಜ್ಜಿಗೆ, ಸಾರು, ಹಣ್ಣು, ಮಿತವಾದ ಕಾಫಿ ಚಹಾ ಕೂಡ ದಿನದ ನೀರಿನ ಲೆಕ್ಕಕ್ಕೆ ಸೇರುತ್ತವೆ. ಇಸ್ತ್ರಿ ವಿಭಾಗ, ಬಾಯ್ಲರ್, ಬಿಸಿಲಿನ ಕೆಲಸವಾದರೆ 15ರಿಂದ 20 ನಿಮಿಷಕ್ಕೊಮ್ಮೆ ಒಂದು ದೊಡ್ಡ ಲೋಟ, ಸುಮಾರು 240 ಮಿ.ಲೀ. ಬೇಕು. ಆದರೆ ಗಂಟೆಗೆ 1.4 ಲೀಟರ್ ಮೀರಬಾರದು. ಅತಿಯಾದ ನೀರು ರಕ್ತದ ಸೋಡಿಯಂ ಇಳಿಸಿ ಗೊಂದಲ, ಸೆಳವು ತರಬಲ್ಲದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯವರಿಗೆ ವೈದ್ಯರು ಹೇಳಿದ ಮಿತಿಯೇ ಅಳತೆ.

ಇಷ್ಟೆಲ್ಲ ಗೊತ್ತಿದ್ದೂ ಜನ ಕುಡಿಯದಿರುವುದಕ್ಕೆ ದೊಡ್ಡ ಕಾರಣ ಶೌಚಾಲಯ. ಅದು ಕೊಳಕಾಗಿದ್ದರೆ, ದೂರವಿದ್ದರೆ, ಎದ್ದುಹೋಗಲು ಸೂಪರ್‌ವೈಸರ್ ಅನುಮತಿ ಬೇಕಿದ್ದರೆ, ಹೆಂಗಸರು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಗಾರ್ಮೆಂಟ್ ಲೈನ್‌ನಲ್ಲಿ ಗಂಟೆಯ ಟಾರ್ಗೆಟ್ ಇದ್ದಾಗಲೂ ಹಾಗೆಯೇ. ನೀರೂ ಕಡಿಮೆ, ಮೂತ್ರ ತಡೆಯುವುದೂ ಸೇರಿದರೆ ಮೂತ್ರನಾಳದ ಸೋಂಕಿನ ಅಪಾಯ ಹೆಚ್ಚುತ್ತದೆ. ಇಂಥಲ್ಲಿ ಉಚಿತ ಬಾಟಲಿ ಹಂಚುವುದು, ಮೊಬೈಲ್‌ನಲ್ಲಿ ನೆನಪಿನ ಗಂಟೆ ಬಾರಿಸುವುದು ಯಾವುದೂ ಫಲಿಸದು.

ಸ್ಥಳದ ವ್ಯವಸ್ಥೆ ಹೇಗಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 18ನೇ ಸೆಕ್ಷನ್ ಬಿಡಿಸಿ ಹೇಳಿತ್ತು. ನೀರಿಡುವ ಜಾಗದಲ್ಲಿ ‘ಕುಡಿಯುವ ನೀರು’ ಎಂದು ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದಿರಬೇಕು, ಆ ಜಾಗ ಶೌಚಾಲಯದಿಂದ ಆರು ಮೀಟರ್ ಒಳಗೆ ಇರಬಾರದು, 250ಕ್ಕಿಂತ ಹೆಚ್ಚು ಜನರಿರುವಲ್ಲಿ ಬೇಸಿಗೆಯಲ್ಲಿ ನೀರನ್ನು ತಂಪಾಗಿಸಿ ಕೊಡಬೇಕು. ಇದರ ಜೊತೆಗೆ ಡಿಸ್ಪೆನ್ಸರ್‌ನ ನಲ್ಲಿ ಮತ್ತು ತಟ್ಟೆಯನ್ನು ಆಗಾಗ ತೊಳೆಯಬೇಕು, 20 ಲೀಟರ್ ಕ್ಯಾನನ್ನು ಬಿಸಿಲಲ್ಲಿ ಇಡಬಾರದು. ನೀರಿಗೆ ವಾಸನೆ ಬಂದ ದಿನದಿಂದ ಜನ ಅದರ ಹತ್ತಿರ ಸುಳಿಯುವುದಿಲ್ಲ.