ಇಂಟರ್‌ಕೂಲರ್ ಪೈಪ್: ದಪ್ಪ ಅಳೆಯುವ ಮೊದಲು ಕ್ಲಿಪ್ ನೋಡಿ

ಹೋದ ಏಪ್ರಿಲ್‌ನಲ್ಲಿ ಗೆಳೆಯನೊಬ್ಬ ನಾನು ಕೆಲಸ ಕಲಿಯುವ ಕಲಬುರಗಿಯ ಗ್ಯಾರೇಜಿಗೆ ದೊಡ್ಡ ಡಬ್ಬಿಯೊಂದನ್ನು ಹೊತ್ತು ತಂದ. ಒಳಗೆ ಫಳಫಳ ಹೊಳೆಯುವ 76 ಮಿಮೀ ಅಲ್ಯೂಮಿನಿಯಂ ಪೈಪುಗಳು, ನೀಲಿ ಸಿಲಿಕೋನ್ ಜಾಯಿಂಟುಗಳು, ಒಂದು ಚೀಲ ಕ್ಲಿಪ್ಪುಗಳು. ಅವನದು 1.2 ಲೀಟರ್ ಟರ್ಬೊ ಪೆಟ್ರೋಲ್ ಕಾರು. "ಮೊದಲಿನ ಎಳೆತ ಇಲ್ಲ, ಪೈಪ್ ದಪ್ಪ ಹಾಕಿದ್ರ ಸರಿ ಹೋಗ್ತದ" ಅಂದ. ಉಸ್ತಾದ್ ಡಬ್ಬಿ ನೋಡಿ ನನ್ನ ಕಡೆ ತಿರುಗಿದರು. "ತಮ್ಮಾ, ಹಳೇ ಪೈಪ್ ಎಲ್ಲಿ ಸೋರ್ತದ ಅಂತ ನೋಡೀಯೇನು?"

ನೋಡಿರಲಿಲ್ಲ. ಆ ವಾರ ನೋಟ್‌ಬುಕ್‌ನಲ್ಲಿ ಗೀಚಿದ ಲೆಕ್ಕಗಳನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ನನ್ನ ಹಾಗೆ ಈಗ ತಾನೇ ಕಲಿಯುತ್ತಿರುವವರಿಗೆ ಉಪಯೋಗವಾಗಬಹುದು.

ಗಾಳಿ ಎಷ್ಟು ಬಿಸಿಯಾಗುತ್ತದೆ

ಟರ್ಬೊ ಗಾಳಿಯನ್ನು ಒತ್ತುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ಬುಡ ಕೈಗೆ ಬೆಚ್ಚಗೆ ಹತ್ತುತ್ತದಲ್ವಾ, ಅದೇ ಕಥೆ. ಬಿಸಿ ಗಾಳಿ ಹಿಗ್ಗುತ್ತದೆ, ಅಷ್ಟೇ ಜಾಗದಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತದೆ. ಅದಕ್ಕೇ ಟರ್ಬೊ ಮತ್ತು ಎಂಜಿನ್ ನಡುವೆ ಗಾಳಿ ತಣಿಸುವ ಇಂಟರ್‌ಕೂಲರ್. ಟರ್ಬೊದಿಂದ ಇಂಟರ್‌ಕೂಲರ್‌ವರೆಗಿನ ಪೈಪನ್ನು ಬಿಸಿ ಕಡೆ ಎನ್ನುತ್ತಾರೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿದು ಬಿಡುವ ಥ್ರಾಟಲ್‌ವರೆಗಿನದು ತಂಪು ಕಡೆ.

ಪುಸ್ತಕದ ಉದಾಹರಣೆಗಳಲ್ಲಿ ಹೊರಗಿನ ಗಾಳಿ ಸಾಮಾನ್ಯವಾಗಿ 25 ಡಿಗ್ರಿ ಇರುತ್ತದೆ. ನಮ್ಮ ಕಡೆ ಬೇಸಿಗೆಯ ಮಧ್ಯಾಹ್ನ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹಾಗಾಗಿ 42 ಇಟ್ಟುಕೊಂಡೇ ಲೆಕ್ಕ ಹಾಕಿದೆ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ ಸುಮಾರು 0.96 ಬಾರ್. ಟರ್ಬೊ ಅದರ ಮೇಲೆ 0.8 ಬಾರ್ ಸೇರಿಸಿದರೆ (ಈ ಹೆಚ್ಚುವರಿ ಒತ್ತಡವೇ ಬೂಸ್ಟ್) ಒಟ್ಟು 1.76. ಭಾಗಿಸಿದರೆ ಒತ್ತಡದ ಅನುಪಾತ 1.83. ಬೀದರ್ ಇನ್ನೂ ಎತ್ತರದಲ್ಲಿದೆ, ಸುಮಾರು 700 ಮೀಟರ್. ಅಲ್ಲಿ ಇಷ್ಟೇ ಬೂಸ್ಟ್ ಕೊಡಲು ಟರ್ಬೊ ಸ್ವಲ್ಪ ಜಾಸ್ತಿ ದುಡಿಯಬೇಕು.

ಈಗ ಸೂತ್ರ. ಅನುಪಾತದ 0.286ನೇ ಘಾತ ತೆಗೆಯಿರಿ, 1 ಕಳೆಯಿರಿ, ಟರ್ಬೊದಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರ್‌ನ ದಕ್ಷತೆಯಿಂದ ಭಾಗಿಸಿ, ಒಳಗೆ ಬರುವ ಗಾಳಿಯ ಕೆಲ್ವಿನ್ ತಾಪಮಾನದಿಂದ ಗುಣಿಸಿ. ಬರುವ ಉತ್ತರವೇ ಎಷ್ಟು ಡಿಗ್ರಿ ಏರಿತು ಎನ್ನುವುದು. ದಕ್ಷತೆ 0.7 ಎಂದುಕೊಂಡರೆ ಏರಿಕೆ 85 ಡಿಗ್ರಿ. ಅಂದರೆ ಬಿಸಿ ಕಡೆಯ ಪೈಪಿನಲ್ಲಿ 127 ಡಿಗ್ರಿ! ಹೊರಗೆ 25 ಇದ್ದಿದ್ದರೆ 105ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಹೊರಗಿನ 17 ಡಿಗ್ರಿ ವ್ಯತ್ಯಾಸ ಒಳಗೆ ಹೋಗಿ 22 ಆಗುತ್ತದೆ, ಇದನ್ನು ಗಮನಿಸಿ.

ಇಂಟರ್‌ಕೂಲರ್ ಆ 85ರಲ್ಲಿ ಶೇ 70ರಷ್ಟು ಇಳಿಸಿದರೆ ಥ್ರಾಟಲ್ ಹತ್ತಿರ ಗಾಳಿ 68 ಡಿಗ್ರಿಗೆ ಬರುತ್ತದೆ. ಇಷ್ಟರಿಂದಲೇ ಗಾಳಿಯ ಸಾಂದ್ರತೆ ಶೇ 17ರಷ್ಟು ಹೆಚ್ಚುತ್ತದೆ. ಈ ದೊಡ್ಡ ಲಾಭವನ್ನು ಕೊಡುವುದು ಇಂಟರ್‌ಕೂಲರ್, ಪೈಪಲ್ಲ. ಅದು ಗಳಿಸಿದ್ದನ್ನು ದಾರಿಯಲ್ಲಿ ಕಳೆಯದೆ ಮುಟ್ಟಿಸಿದರೆ ಪೈಪಿನ ಕೆಲಸ ಮುಗಿಯಿತು.

ದಪ್ಪ ಪೈಪಿನ ಭ್ರಮೆ

ಇಲ್ಲಿಯೇ ನಾನೂ ಎಡವಿದ್ದೆ. ದಪ್ಪ ಅಂದರೆ ಗಾಳಿ ಸಲೀಸು, ಸಲೀಸಾದರೆ ಪವರ್ ಜಾಸ್ತಿ ಅಂತ ಸುಮ್ನೆ ನಂಬಿಕೊಂಡಿದ್ದೆ. ಲೆಕ್ಕ ಬೇರೆಯೇ ಹೇಳಿತು.

1.2 ಲೀಟರ್ ಎಂಜಿನ್ 5500 ಆರ್‌ಪಿಎಂನಲ್ಲಿ, ಸಿಲಿಂಡರ್ ಶೇ 90ರಷ್ಟು ತುಂಬುತ್ತದೆ ಎಂದುಕೊಂಡರೆ, ಸೆಕೆಂಡಿಗೆ ಸುಮಾರು 50 ಲೀಟರ್ ಒತ್ತಿದ ಗಾಳಿ ಕುಡಿಯುತ್ತದೆ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಮ್ಮೆ ಮಾತ್ರ ಗಾಳಿ ಎಳೆಯುತ್ತದೆ, ಅರ್ಧ ಮಾಡುವುದನ್ನು ಮರೆಯಬೇಡಿ. ನಾನು ಮೊದಲ ಸಲ ಮರೆತು ನೂರು ಬರೆದಿದ್ದೆ. ಈ 50 ಲೀಟರನ್ನು 50 ಮಿಮೀ ಒಳವ್ಯಾಸದ ಪೈಪಿನಲ್ಲಿ ಬಿಟ್ಟರೆ ವೇಗ ಸೆಕೆಂಡಿಗೆ 25 ಮೀಟರ್. 63 ಮಿಮೀ ಆದರೆ 16, 76 ಮಿಮೀ ಆದರೆ 11.

25 ಮೀಟರ್ ಅಂದರೆ ಗಂಟೆಗೆ 90 ಕಿಮೀ, ಜೋರಾಗೇ ಇದೆಯಲ್ಲ ಅನಿಸುತ್ತದೆ. ಆದರೆ ಗಾಳಿಗೆ ಅದು ನಡಿಗೆ. 68 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 370 ಮೀಟರ್. ಅದರ ಹತ್ತಿರಹತ್ತಿರ ಅರ್ಧಕ್ಕೆ ಹೋದಾಗ ಪೈಪು ನಿಜವಾಗಿ ಕತ್ತು ಹಿಸುಕತೊಡಗುತ್ತದೆ. ನಾವು ಹದಿನೈದನೇ ಒಂದು ಭಾಗದಲ್ಲಿದ್ದೇವೆ.

ಒತ್ತಡ ಎಷ್ಟು ನಷ್ಟ? ಎರಡು ಮೀಟರ್ ಉದ್ದ, ನಾಲ್ಕು ಒಳ್ಳೆಯ ತಿರುವು ಇಟ್ಟುಕೊಂಡರೆ 50 ಮಿಮೀ ಪೈಪಿನಲ್ಲಿ ಸುಮಾರು 0.01 ಬಾರ್. 63ಕ್ಕೆ ಹೋದರೆ 0.004. ಡಬ್ಬಿ ಬಿಚ್ಚಿ, ಬಂಪರ್ ಕಳಚಿ, ದುಡ್ಡು ಸುರಿದು ಉಳಿಸಿದ್ದು ಒಂದು ಬಾರ್‌ನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಇಂಟರ್‌ಕೂಲರ್‌ನ ಜಾಲಿ ಒಂದೇ ಇದರ ಹಲವು ಪಟ್ಟು ನುಂಗುತ್ತದೆ.

ಹಾಗಂತ ದಪ್ಪ ಪೈಪು ಯಾವತ್ತೂ ಬೇಡ ಅಂತಲ್ಲ. ಹರಿಯುವ ಗಾಳಿ ಎರಡು ಪಟ್ಟಾದರೆ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಟರ್ಬೊ ಬದಲಿಸಿ, ಟ್ಯೂನ್ ಮಾಡಿ, 120 ಕುದುರೆಯನ್ನು 240 ಮಾಡಲು ಹೊರಟವರಿಗೆ 63 ಮಿಮೀ ನ್ಯಾಯವೇ. ಗೆಳೆಯನ ಕಾರು ಕಂಪನಿಯಿಂದ ಬಂದಂತೆಯೇ ಇತ್ತು.

ಇನ್ನೊಂದು ಮಾತು. ಹೊಲದಲ್ಲಿ ಪೈಪ್‌ಲೈನ್ ಹಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಬೋರ್‌ನಿಂದ ಮೇಲೆ ಬರುವ ಪೈಪು ಒಂದೂವರೆ ಇಂಚಾದರೆ ಮುಂದೆ ನಾಲ್ಕು ಇಂಚು ಹಾಕಿದರೂ ನೀರು ಅಷ್ಟೇ. ಥ್ರಾಟಲ್ ಬಾಯಿ, ಇಂಟರ್‌ಕೂಲರ್‌ನ ಎರಡು ಬಾಯಿ, ಟರ್ಬೊ ಬಾಯಿ, ಈ ನಾಲ್ಕನ್ನು ವರ್ನಿಯರ್‌ನಿಂದ ಅಳೆದು ಬರೆದಿಟ್ಟುಕೊಳ್ಳಿ. ಗೆಳೆಯನ ಕಾರಿನಲ್ಲಿ ಎಲ್ಲವೂ 50ರ ಅಕ್ಕಪಕ್ಕ. ನಡುವೆ 76 ಹಾಕಿದರೆ ಗಾಳಿ ಒಮ್ಮೆ ಹಿಗ್ಗಬೇಕು, ಮತ್ತೆ ಕುಗ್ಗಬೇಕು. ದಿಢೀರ್ ಹಿಗ್ಗುವ ಕಡೆ ಸುಳಿ ಏಳುತ್ತದೆ, ಇದ್ದದ್ದೂ ಹೋಗುತ್ತದೆ. ಅಳತೆ ಬದಲಿಸಲೇಬೇಕಾದರೆ ನಿಧಾನವಾಗಿ ಅಗಲವಾಗುವ ರೆಡ್ಯೂಸರ್ ಬೇಕು.

ದಪ್ಪ ಪೈಪಿನಿಂದ ಟರ್ಬೊ ತಡವಾಗುತ್ತದೆ ಎನ್ನುವವರೂ ಇದ್ದಾರೆ. ಎರಡು ಮೀಟರಿಗೆ 50 ಮಿಮೀ ಪೈಪು 4 ಲೀಟರ್ ಹಿಡಿದರೆ 76 ಮಿಮೀ ಪೈಪು 9 ಲೀಟರ್ ಹಿಡಿಯುತ್ತದೆ. ಆ ಹೆಚ್ಚಿನ ಜಾಗ ತುಂಬಲು ಹೊತ್ತು ಬೇಕು, ನಿಜ. ಆದರೆ ಅದು ಸೆಕೆಂಡಿನ ಸಣ್ಣ ತುಣುಕಿನ ಮಾತು. ಈ ವಾದದಲ್ಲಿ ಎರಡೂ ಕಡೆಯವರು ಸ್ವಲ್ಪ ಜಾಸ್ತಿಯೇ ಕೂಗುತ್ತಾರೆ ಅಂತ ನನ್ನ ಅನಿಸಿಕೆ.

ಜಾಯಿಂಟ್ ಮೇಲೆ ಅಕ್ಕಿ ಮೂಟೆ

ನನಗೆ ಎಲ್ಲಕ್ಕಿಂತ ಕಣ್ಣು ತೆರೆಸಿದ ಲೆಕ್ಕ ಇದು. ಒತ್ತಡ ಪೈಪನ್ನು ಜಾಯಿಂಟಿನಿಂದ ಹೊರಗೆ ತಳ್ಳುತ್ತದೆ. ಎಷ್ಟು ಬಲದಿಂದ? ಒತ್ತಡವನ್ನು ಪೈಪಿನ ಬಾಯಿಯ ವಿಸ್ತೀರ್ಣದಿಂದ ಗುಣಿಸಿ. 0.8 ಬಾರ್‌ಗೆ 50 ಮಿಮೀ ಪೈಪಿನಲ್ಲಿ ಸುಮಾರು 16 ಕೆಜಿ ತೂಕದಷ್ಟು. 63ರಲ್ಲಿ 25 ಕೆಜಿ, ಅಂದರೆ ಅಂಗಡಿಯ ಒಂದು ಅಕ್ಕಿ ಮೂಟೆ. 76ರಲ್ಲಿ 37 ಕೆಜಿ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಆ ಮೂಟೆ ಜಾಯಿಂಟಿಗೆ ನೇತು ಬೀಳುತ್ತದೆ, ಬಿಟ್ಟಾಗ ಇಳಿಯುತ್ತದೆ. ಜೊತೆಗೆ ಎಂಜಿನ್ ಅಲುಗಾಟ, ಬಿಸಿ, ಎಣ್ಣೆಯ ಜಿಡ್ಡು.

ಪೈಪು ದಪ್ಪ ಮಾಡಿದಷ್ಟೂ ಜಾಯಿಂಟ್ ಕಳಚುವ ಅಪಾಯ ಹೆಚ್ಚು, ಇದನ್ನು ಮಾರುವವರು ಹೇಳುವುದಿಲ್ಲ.

ಇದಕ್ಕೆ ಮೊದಲ ಮದ್ದು ಪೈಪಿನ ತುದಿಯಲ್ಲಿರುವ ಉಬ್ಬು, ಬೀಡ್. ಸುತ್ತಲೂ ಒಂದೆರಡು ಮಿಮೀ ಎದ್ದಿರಬೇಕು. ಕ್ಲಿಪ್ ಅದರ ಹಿಂದೆ ಕೂರಬೇಕು, ಮೇಲೆ ಅಲ್ಲ. ನುಣುಪಾದ ತುದಿಯ ಪೈಪಿಗೆ ಎಷ್ಟು ಬಿಗಿದರೂ ಒಂದು ದಿನ ಹಾರುತ್ತದೆ. ಊರಲ್ಲಿ ಪೈಪು ಕತ್ತರಿಸಿ ಮಾಡಿಸುವುದಾದರೆ ಬೀಡ್ ಹಾಕುವ ರೋಲರ್ ಇದೆಯೇ ಎಂದು ಮೊದಲು ಕೇಳಿ. ಇಲ್ಲದಿದ್ದರೆ ಆರ್ಗಾನ್ ವೆಲ್ಡಿಂಗ್‌ನವರಿಂದ ತುದಿಯ ಸುತ್ತ ಸಣ್ಣ ಸಾಲು ಹಾಕಿಸಿ ಅರದಿಂದ ಉಜ್ಜಿಸಬಹುದು. ನೋಡಲು ಚೆಂದ ಇಲ್ಲ, ಕೆಲಸ ನಡೆಯುತ್ತದೆ.

ಕ್ಲಿಪ್ಪಿನಲ್ಲಿ ಎರಡು ಜಾತಿ. ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಮಾಮೂಲಿ ಹೋಸ್ ಕ್ಲಿಪ್ ಒಂದು. ಅಗಲ ಪಟ್ಟಿ, ಬೋಲ್ಟ್, ನಟ್ ಇರುವ ಟಿ-ಬೋಲ್ಟ್ ಇನ್ನೊಂದು, ಇದಕ್ಕೆ ಪಾನಾ ಬೇಕು. 63ಕ್ಕಿಂತ ಮೇಲೆ ಟಿ-ಬೋಲ್ಟ್ ಒಳ್ಳೆಯದು. ಸಣ್ಣ ಪೈಪಿಗೆ ಅದು ಪೂರ್ತಿ ದುಂಡಗೆ ಕೂರುವುದಿಲ್ಲ, ಬೋಲ್ಟ್ ಕೆಳಗೆ ಸಂದು ಬಿಡುತ್ತದೆ. ಅಲ್ಲಿ ಒಳ್ಳೆಯ ಗುಣಮಟ್ಟದ ಹೋಸ್ ಕ್ಲಿಪ್ಪೇ ಸಾಕು. ಮಾಮೂಲಿ ಕ್ಲಿಪ್ಪಿನ ಸೀಳುಗಳಲ್ಲಿ ಸಿಲಿಕೋನ್ ಉಬ್ಬಿ ಕುಯ್ದುಹೋಗುತ್ತದೆ, ಹಾಗಾಗಿ ಒಳಮೈ ನುಣ್ಣಗಿರುವುದನ್ನು ಕೇಳಿ ತನ್ನಿ. ಟಿ-ಬೋಲ್ಟನ್ನು ಅತಿಯಾಗಿ ಬಿಗಿದರೆ ತೆಳು ಅಲ್ಯೂಮಿನಿಯಂ ಪೈಪೇ ಚಪ್ಪಟೆಯಾಗುತ್ತದೆ. ನಾನು ಒಂದನ್ನು ಮಾಡಿಟ್ಟಿದ್ದೇನೆ, ಇನ್ನೂ ಗ್ಯಾರೇಜಿನ ಮೂಲೆಯಲ್ಲಿದೆ.

ಸಿಲಿಕೋನ್ ಜಾಯಿಂಟ್ ಬಿಸಿ ಚೆನ್ನಾಗಿ ತಡೆಯುತ್ತದೆ, ನಮ್ಮ 127 ಡಿಗ್ರಿ ಅದಕ್ಕೆ ಲೆಕ್ಕಕ್ಕಿಲ್ಲ. ಅದರ ಶತ್ರು ಎಣ್ಣೆ. ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಕಡೆಯಿಂದ ಬರುವ ಎಣ್ಣೆಯ ಆವಿ ಪೈಪಿನ ತಗ್ಗಿನಲ್ಲಿ ಕೂತು ನಿಧಾನವಾಗಿ ಒಳಪದರ ಮೆತ್ತಗೆ ಮಾಡುತ್ತದೆ. ಎಣ್ಣೆ ಬರುವ ಬಿಸಿ ಕಡೆಗೆ ಫ್ಲೋರೊಸಿಲಿಕೋನ್ ಒಳಪದರದ ಜಾಯಿಂಟ್ ಸಿಕ್ಕರೆ ಅದನ್ನೇ ಹಾಕಿ. ನಾಲ್ಕು ಪದರದ ಬಟ್ಟೆ ಇರಲಿ. ಮತ್ತೆ, ಎಂಜಿನ್ ಅಲುಗುತ್ತದೆ, ಇಂಟರ್‌ಕೂಲರ್ ಬಾಡಿಗೆ ಕಚ್ಚಿಕೊಂಡು ನಿಂತಿರುತ್ತದೆ. ಇವೆರಡರ ನಡುವೆ ಬಗ್ಗುವ ತುಂಡು ಒಂದಾದರೂ ಇರಲೇಬೇಕು. ಪೂರ್ತಿ ಲೋಹವಾದರೆ ವೆಲ್ಡಿಂಗ್ ಬಿರುಕು ಬಿಡುತ್ತದೆ.

ಲೋಹ, ತಿರುವು

ಇದರಲ್ಲಿ ತಲೆ ಕೆಡಿಸಿಕೊಳ್ಳುವುದು ಕಡಿಮೆ. ಅಲ್ಯೂಮಿನಿಯಂ ಹಗುರ, ತುಕ್ಕಿಲ್ಲ, ಆರ್ಗಾನ್ ವೆಲ್ಡಿಂಗ್ ಬೇಕು. ಸ್ಟೇನ್‌ಲೆಸ್ ಸ್ಟೀಲ್ ಭಾರ, ಗಟ್ಟಿ, ಶಾಖವನ್ನು ಅಷ್ಟು ಬೇಗ ಒಳಗೆ ಬಿಡುವುದಿಲ್ಲ. ಮಾಮೂಲಿ ಕಬ್ಬಿಣದ ಪೈಪು ಬೇಡವೇ ಬೇಡ, ಒಳಗೆ ತುಕ್ಕು ಎದ್ದರೆ ಆ ಪುಡಿ ಸೀದಾ ಎಂಜಿನ್ನಿಗೆ. ಪೂರ್ತಿ ಒತ್ತಿ ಓಡಿಸುವಾಗ ಗಾಳಿ ಎರಡು ಮೀಟರ್ ಪೈಪನ್ನು ಸೆಕೆಂಡಿನ ಹನ್ನೆರಡನೇ ಒಂದು ಭಾಗದಲ್ಲಿ ದಾಟುತ್ತದೆ, ಪೈಪಿನಿಂದ ಬಿಸಿಯಾಗಲು ಹೊತ್ತೇ ಇರುವುದಿಲ್ಲ. ಮಧ್ಯಾಹ್ನ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಎಂಜಿನ್ ಆನ್ ಇಟ್ಟು ನಿಂತಾಗ ಮಾತ್ರ ಎಲ್ಲ ಲೋಹವೂ ಒಂದೇ, ಎಲ್ಲವೂ ಕಾಯುತ್ತದೆ. ಹೊರಟ ಮೇಲೆ ಇಂಟರ್‌ಕೂಲರ್‌ಗೆ ಗಾಳಿ ತಾಗಲು ಒಂದೆರಡು ನಿಮಿಷ ಕೊಡಿ.

ತಿರುವಿನಲ್ಲಿ ಪೈಪು ಚಪ್ಪಟೆಯಾಗದ ಮ್ಯಾಂಡ್ರೆಲ್ ಬೆಂಡ್ ಇರಲಿ. ಸೈಲೆನ್ಸರ್ ಪೈಪಿನ ಹಾಗೆ ಸುಕ್ಕುಗಟ್ಟಿದ್ದನ್ನು ವಾಪಸ್ ಕೊಡಿ. ಕಾರಿನ ಸೆನ್ಸರ್ ಕೂರುವ ತೂತು ಹೊಸ ಪೈಪಿನಲ್ಲಿ ಅದೇ ಜಾಗದಲ್ಲಿದೆಯೇ ನೋಡಿ. ಕತ್ತರಿಸಿದ ಪೈಪಿನೊಳಗೆ ಬಟ್ಟೆ ಎಳೆದು ಲೋಹದ ಚೂರು ಒರೆಸದೆ ಹಾಕಬೇಡಿ.

ಸೋರಿಕೆ ಮತ್ತು ಧೂಳು

ಟರ್ಬೊ ಆದ ಮೇಲಿನ ಪೈಪು ಸೋರಿದರೆ ಗಾಳಿ ಹೊರಗೆ ಹೋಗುತ್ತದೆ. ಟರ್ಬೊಗೆ ಮುಂಚಿನ, ಏರ್ ಫಿಲ್ಟರ್ ಕಡೆಯ ಪೈಪು ಸೋರಿದರೆ ಹೊರಗಿನದು ಒಳಗೆ ಬರುತ್ತದೆ. ಶಹಾಬಾದ್‌ನ ಕಲ್ಲಿನ ಪುಡಿ, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟ್ ಲಾರಿಗಳ ಧೂಳು, ಬೇಸಿಗೆಯ ಎರೆ ಮಣ್ಣು, ಎಲ್ಲವೂ ಫಿಲ್ಟರ್ ದಾಟದೆ ನೇರ ಕಂಪ್ರೆಸರ್ ರೆಕ್ಕೆಗೆ ಹೊಡೆಯುತ್ತದೆ. ನಮ್ಮ ಜಿಲ್ಲೆಯಲ್ಲಿ ಪೈಪಿಗೆ ದುಡ್ಡು ಹಾಕುವುದಾದರೆ ಮೊದಲು ಈ ಕಡೆಯದನ್ನು ಗಟ್ಟಿ ಮಾಡಿ ಎನ್ನುತ್ತೇನೆ.

ಬೂಸ್ಟ್ ಸೋರಿದಾಗ ಕಾರು ಏನು ಮಾಡುತ್ತದೆ ಎನ್ನುವುದು ಅದರ ಸೆನ್ಸರ್ ಮೇಲೆ ನಿಂತಿದೆ. ಒಳಬರುವ ಗಾಳಿಯನ್ನು ಫಿಲ್ಟರ್ ಬಳಿಯೇ ಅಳೆಯುವ ಕಾರಾದರೆ, ಸೋರಿಹೋದ ಗಾಳಿಗೂ ಪೆಟ್ರೋಲ್ ಹಾಕುತ್ತದೆ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಒತ್ತಡ ನೋಡುವ ಕಾರಾದರೆ, ಕಡಿಮೆ ಬಿದ್ದದ್ದನ್ನು ತುಂಬಲು ಟರ್ಬೊವನ್ನು ಇನ್ನಷ್ಟು ಓಡಿಸುತ್ತದೆ, ಗಾಳಿ ಇನ್ನಷ್ಟು ಬಿಸಿಯಾಗುತ್ತದೆ. ಚಾಲಕನಿಗೆ ಗೊತ್ತಾಗುವುದು "ಎಳೆತ ಇಲ್ಲ" ಅಂತ ಮಾತ್ರ.

ಹುಡುಕುವ ವಿಧಾನ ಪಂಕ್ಚರ್ ಅಂಗಡಿಯದೇ. ಎಂಜಿನ್ ಆರಿಸಿ, ತಣ್ಣಗಾಗಲಿ. ಟರ್ಬೊಗೆ ಗಾಳಿ ಒಳಬರುವ ಬಾಯಿಗೆ ಮುಚ್ಚಳ ಬಿಗಿದು ಅದರ ವಾಲ್ವ್‌ನಿಂದ ಗಾಳಿ ತುಂಬಿ. ನಡುವೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇರಲೇಬೇಕು. ಟ್ಯಾಂಕಿನ ಗಾಳಿ ನೇರ ಬಿಟ್ಟರೆ ಪೈಪು ಸಿಡಿಯುತ್ತದೆ. 0.3 ಬಾರ್‌ನಿಂದ ಶುರು ಮಾಡಿ, ಕಾರಿನ ಮಾಮೂಲಿ ಬೂಸ್ಟ್ ದಾಟಬೇಡಿ. ಮುಚ್ಚಳದ ಎದುರು ಮುಖ ಇಡಬೇಡಿ. ಪ್ರತಿ ಜಾಯಿಂಟಿಗೂ ಸಾಬೂನು ನೀರು ಹಚ್ಚಿ, ತಳಭಾಗಕ್ಕೂ. ಎಂಜಿನ್ ಒಳಗಿಂದ ಸಣ್ಣಗೆ ಸುಯ್ ಅಂತ ಬಂದರೆ ಗಾಬರಿ ಬೇಡ, ತೆರೆದ ವಾಲ್ವ್ ಮತ್ತು ಪಿಸ್ಟನ್ ರಿಂಗ್ ಸಂದಿನಿಂದ ಅಷ್ಟು ಹೋಗುತ್ತದೆ.

ಕಾನೂನಿನ ಮಾತು ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಅಡ್ಡ ಬರುತ್ತದೆ. ವಾರಂಟಿ ಇರುವ ಕಾರಾದರೆ ಅದೂ ಕೈ ತಪ್ಪಬಹುದು. ಹಳೆಯದರ ಅಳತೆಯಲ್ಲೇ ಗಟ್ಟಿ ಜಾಯಿಂಟ್ ಹಾಕುವುದಕ್ಕೂ ಇಡೀ ದಾರಿ ಬದಲಿಸುವುದಕ್ಕೂ ವ್ಯತ್ಯಾಸವಿದೆ, ಕೈ ಹಾಕುವ ಮೊದಲು ಕೇಳಿ ತಿಳಿದುಕೊಳ್ಳಿ.

ಗೆಳೆಯನ ಕಾರಿಗೆ 0.4 ಬಾರ್ ಬಿಟ್ಟಾಗಲೇ ಬಿಸಿ ಕಡೆಯ ಕೆಳಗಿನ ರಬ್ಬರ್ ಜಾಯಿಂಟಿನ ಹೊಟ್ಟೆಯಿಂದ ನೊರೆ ಉಕ್ಕಿತು. ಎಣ್ಣೆ ಕುಡಿದು ಮೆತ್ತಗಾಗಿ ಹೆಬ್ಬೆರಳಿನಷ್ಟು ಸೀಳಿತ್ತು. ಒಂದು ಜಾಯಿಂಟ್, ಎರಡು ಕ್ಲಿಪ್, ಅಷ್ಟೇ ಹಾಕಿದೆವು. ಡಬ್ಬಿ ಅಂಗಡಿಗೆ ವಾಪಸ್ ಹೋಯಿತು. ಹೊಸ ಕ್ಲಿಪ್ಪಿನ ಪಕ್ಕ ಪೈಪಿನ ಮೇಲೆ ಬಿಳಿ ಪೇಂಟಿನಿಂದ ಒಂದು ಗೆರೆ ಎಳೆದು, 500 ಕಿಮೀ ಓಡಿಸಿ ಬಾ ಎಂದು ಉಸ್ತಾದ್ ಕಳಿಸಿದರು. ಹುಮನಾಬಾದ್‌ಗೆ ನಾಲ್ಕು ಸಲ ಹೋಗಿ ಬಂದ. ಎಳೆತ ಬಂದಿತ್ತು, ಆದರೆ ಒಂದು ಕಡೆ ಗೆರೆಗೂ ಜಾಯಿಂಟಿಗೂ ನಡುವೆ ಎರಡು ಮಿಮೀ ಸಂದು ಕಾಣಿಸಿತು. ಬಿಚ್ಚಿ, ಪೈಪಿನ ಜಿಡ್ಡು ಒರೆಸಿ, ಮತ್ತೆ ಬಿಗಿದೆ. ಈ ಸಲ ಕ್ಲಿಪ್ಪನ್ನು ಬೀಡ್ ಹಿಂದೆಯೇ ಕೂರಿಸಿದ್ದೇನೆ.